ಬದಲಿ ಸಾಮಾನು ಹಾಕಿದ ಅಡುಗೆ ಎಲ್ಲಿ ಕೆಟ್ಟಿತು? ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ತುಮಕೂರಿನ ಕಡೆಯಿಂದ ಮದುವೆಯಾಗಿ ಕಾಸರಗೋಡಿನ ಬದಿಯಡ್ಕಕ್ಕೆ ಬಂದ ಹೊಸತು. ಪಕ್ಕದ ಮನೆಯ ಮಲಯಾಳಿ ಚೇಚಿ (ಅಕ್ಕ) ಹೆಸರುಬೇಳೆ ಪಾಯಸ ಹೇಳಿಕೊಟ್ಟರು. "ಶರ್ಕರ ಕಾಲು ಕಿಲೋ" ಅಂದರು. ನಾನು ಕಾಲು ಕಿಲೋ ಸಕ್ಕರೆ ಹಾಕಿದೆ. ಪಾಯಸ ಬೆಳ್ಳಗೆ ಬಂತು. ಸಿಹಿ ಇತ್ತು, ಆದರೆ ಚೇಚಿಯ ಮನೆಯ ಆ ಘಮ ಇಲ್ಲ, ಬಣ್ಣ ಇಲ್ಲ, ಗಟ್ಟಿತನವೂ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಅತ್ತೆ ಹೇಳಿದರು: ಮಲಯಾಳದಲ್ಲಿ ಶರ್ಕರ ಅಂದರೆ ಬೆಲ್ಲ. ಸಕ್ಕರೆಗೆ ಅವರು ಪಂಜಸಾರ ಅನ್ನುತ್ತಾರೆ.

ಅವತ್ತಿನಿಂದ ಯಾವ ಅಡುಗೆ ಕೆಟ್ಟರೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಾನು ತೆಗೆದ ಸಾಮಾನು ಆ ಅಡುಗೆಯಲ್ಲಿ ಏನೇನು ಕೆಲಸ ಮಾಡುತ್ತಿತ್ತು? ಬೆಲ್ಲ ಬರೀ ಸಿಹಿ ಕೊಡುವುದಿಲ್ಲ. ಬಣ್ಣ, ಪರಿಮಳ, ಸ್ವಲ್ಪ ಉಪ್ಪಿನ ರುಚಿ, ಪಾಕದ ಅಂಟು ಎಲ್ಲವನ್ನೂ ಕೊಡುತ್ತದೆ. ಉದ್ದು ಬರೀ ಬೇಳೆ ಅಲ್ಲ, ಇಡ್ಲಿಯೊಳಗೆ ಗಾಳಿ ಹಿಡಿದಿಡುವುದು ಅದೇ. ಕೆಸುವಿನ ಎಲೆಯಲ್ಲಿ ಕಟ್ಟಿ ಬೇಯಿಸುವ ಪತ್ರೊಡೆಯ ಹುಣಸೆಹುಳಿ ಬರೀ ರುಚಿಗಲ್ಲ, ಗಂಟಲು ಕಾಯಲಿಕ್ಕೂ ಬೇಕು. ಬದಲಿ ಹಾಕುವಾಗ ನಾವು ರುಚಿಯೊಂದನ್ನೇ ನೋಡುತ್ತೇವೆ, ಉಳಿದ ಕೆಲಸ ಯಾರಿಗೂ ವಹಿಸದೆ ಬಿಟ್ಟುಬಿಡುತ್ತೇವೆ. ಹಾಗಾಗಿ ದೋಷ ಹುಡುಕುವುದು ಅಂದರೆ ಬಿಟ್ಟುಹೋದ ಆ ಕೆಲಸವನ್ನು ಹುಡುಕುವುದು.

ಒಂದು ಅಭ್ಯಾಸ ಮೊದಲೇ ಹೇಳಿಬಿಡುತ್ತೇನೆ. ಸರಿಮಾಡುವಾಗ ಇಡೀ ಪಾತ್ರೆಗೆ ಕೈ ಹಾಕಬೇಡಿ. ಒಂದು ಸೌಟು ಬೇರೆ ಬಟ್ಟಲಿಗೆ ತೆಗೆದು ಅದರಲ್ಲಿ ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ಮುಂದಿನ ಸಲಕ್ಕೆ ಗೊತ್ತಾಗುವುದಿಲ್ಲ.

ಲಕ್ಷಣ: ಹೇಳಿದ ಹಾಗೇ ಮಾಡಿದ್ದೇನೆ, ಆದರೂ ರುಚಿಯೇ ಬೇರೆ

ಇದಕ್ಕೆ ಖರ್ಚಿಲ್ಲದ ಪರೀಕ್ಷೆ ಮೊದಲು. ಹೆಸರು ಸರಿ ಇದೆಯಾ ನೋಡಿ.

ಕಾಸರಗೋಡಿಗೆ ಸಪ್ತಭಾಷೆಗಳ ಊರು ಅಂತ ಹೆಸರು. ಒಂದೇ ಅಂಗಡಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ ಎಲ್ಲ ಕೇಳುತ್ತದೆ. ಅಡುಗೆಯ ಮಾತೂ ಹಾಗೇ ಮನೆಯಿಂದ ಮನೆಗೆ ಭಾಷೆ ದಾಟಿ ಬರುತ್ತದೆ. ದಾಟುವಾಗ ಜಾರುತ್ತದೆ. ಮಲಯಾಳದ ವೆಳ್ಳಂ ನೀರು, ನಮ್ಮ ಕಿವಿಗೆ ಬೆಲ್ಲದ ಹಾಗೆ ಕೇಳುತ್ತದೆ. ತಮಿಳರ ವೆಲ್ಲಂ ನಿಜವಾಗಿಯೂ ಬೆಲ್ಲ. ಕಾಯಂ ಅಂದರೆ ಇಂಗು, ತೆಂಗಿನಕಾಯಿ ಅಲ್ಲ. ಉಲುವ ಅಂದರೆ ಮೆಂತೆ. ಪೆರುಂಜೀರಗಂ ಅಂದರೆ ಬಡೆಸೊಪ್ಪು. ಅದನ್ನು ಜೀರಿಗೆ ಅಂತ ತಿಳಿದು ಜೀರಿಗೆ ಹಾಕಿದರೆ ಮಸಾಲೆ ಸಪ್ಪೆಯಾಗುತ್ತದೆ. ತಿರುಗಾಮುರುಗ ಆದರೆ ಸಾರಿಗೆ ಸಿಹಿ ವಾಸನೆ ಬರುತ್ತದೆ. ನಮ್ಮ ಕನ್ನಡದ ಒಳಗೂ ಗೊಂದಲ ಇದೆ. ಈ ಕಡೆ ಒಳ್ಳೆಮೆಣಸು ಅಂದರೆ ಕಾಳುಮೆಣಸು. ನನ್ನ ತವರಿನಲ್ಲಿ ಆ ಮಾತೇ ಗೊತ್ತಿಲ್ಲ.

ಅನುಮಾನ ಬಂದರೆ ಹೆಸರು ಕೇಳಬೇಡಿ, ವಸ್ತುವನ್ನೇ ಒಂದು ಚಿಟಿಕೆ ತೋರಿಸಲು ಹೇಳಿ. ದೂರದಲ್ಲಿದ್ದರೆ ಫೋಟೋ ತರಿಸಿಕೊಳ್ಳಿ.

ಹೆಸರು ಸರಿ ಇದ್ದರೆ ಅಳತೆ ನೋಡಿ. ಅತ್ತೆ ಕುಡ್ತೆಯಲ್ಲಿ ಹೇಳುತ್ತಾರೆ, ಪುಸ್ತಕ ಕಪ್ಪಿನಲ್ಲಿ ಹೇಳುತ್ತದೆ, ನಾವು ಕೈಗೆ ಸಿಕ್ಕ ಲೋಟದಲ್ಲಿ ಅಳೆಯುತ್ತೇವೆ. ಒಂದು ಮನೆಯ ಕುಡ್ತೆ ಇನ್ನೊಂದು ಮನೆಯದಕ್ಕೆ ಸಮ ಇರಬೇಕೆಂದಿಲ್ಲ. ಮಕ್ಕಳ ಔಷಧಿಯ ಅಳತೆ ಮುಚ್ಚಳವೋ ಮಿಲಿಲೀಟರ್ ಗೆರೆ ಇರುವ ಬಾಟಲಿಯೋ ತೆಗೆದುಕೊಳ್ಳಿ. ನಿಮ್ಮ ಲೋಟಕ್ಕೆ ಎಷ್ಟು ನೀರು ಹಿಡಿಯುತ್ತದೆ ಅಂತ ಒಮ್ಮೆ ಅಳೆದು ಗೋಡೆ ಮೇಲೆ ಬರೆದಿಡಿ. ಪುಸ್ತಕದ ಕಪ್ ಸಾಮಾನ್ಯವಾಗಿ 240 ಅಥವಾ 250 ಮಿಲಿಲೀಟರ್.

ಆಮೇಲೆ ನೀರು. ನೀರಿನ ರುಚಿಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ? ಬಾವಿಕ್ಕರೆಯಲ್ಲಿ ಚಂದ್ರಗಿರಿ ಹೊಳೆಗೆ ತಡೆಗೋಡೆ ಆಗುವ ಮೊದಲು ಬೇಸಗೆಯಲ್ಲಿ ಅದಕ್ಕೆ ಸಮುದ್ರದ ನೀರು ಏರಿ ಕಾಸರಗೋಡು ಪೇಟೆಯ ನಲ್ಲಿಯಲ್ಲೂ ಉಪ್ಪು ನೀರು ಬರುತ್ತಿತ್ತು. ಸಮುದ್ರದ ಹತ್ತಿರ ಇದ್ದು ಬಾವಿ ನೀರು ಬಳಸುವವರು ಏಪ್ರಿಲ್, ಮೇ ತಿಂಗಳಲ್ಲಿ ಮೊದಲು ನೀರನ್ನೇ ರುಚಿ ನೋಡಿ, ಆಮೇಲೆ ಉಪ್ಪು ಹಾಕಿ.

ಲಕ್ಷಣ: ನೀರುದೋಸೆ ಕಾವಲಿ ಬಿಟ್ಟು ಏಳುತ್ತಿಲ್ಲ

ಇದನ್ನು ನಾನು ಉದ್ದಕ್ಕೇ ಬರೆಯುತ್ತೇನೆ. ನೀರುದೋಸೆಯಲ್ಲಿ ಇರುವುದೇ ಮೂರು ಸಾಮಾನು: ಅಕ್ಕಿ, ನೀರು, ಉಪ್ಪು. ಅಕ್ಕಿ ಬದಲಾದರೆ ಬಚ್ಚಿಡಲು ಬೇರೆ ಏನೂ ಇಲ್ಲ.

ಸರಿಯಾದ ದೋಸೆ ಹೇಗಿರುತ್ತದೆ ಅಂತ ಮೊದಲು ಕಣ್ಣಿಗೆ ಕಟ್ಟಿಕೊಳ್ಳಿ. ಹಿಟ್ಟು ತೆಳ್ಳಗಿನ ಮಜ್ಜಿಗೆಯ ಹಾಗೆ. ಕಾದ ಕಾವಲಿಗೆ ಅಂಚಿನಿಂದ ನಡುವಿಗೆ ಎರಚಿದ ತಕ್ಷಣ ಚುಂಯ್ ಅಂತ ಸದ್ದು. ಆ ಸದ್ದಿನ ಜೊತೆಗೇ ಮೈತುಂಬ ಸಣ್ಣ ಸಣ್ಣ ತೂತು ಬೀಳುತ್ತದೆ. ಮುಚ್ಚಿಟ್ಟು ಅರ್ಧ ನಿಮಿಷ ಬಿಟ್ಟು ತೆಗೆದರೆ ಮೇಲ್ಮೈ ಹೊಳಪು ಹೋಗಿ ಮಂಕಾಗಿರುತ್ತದೆ, ಅಂಚು ತಾನಾಗಿ ಸ್ವಲ್ಪ ಎದ್ದಿರುತ್ತದೆ. ಬೆರಳಲ್ಲಿ ಎತ್ತಿದರೆ ಕರವಸ್ತ್ರದ ಹಾಗೆ ಮಡಚಿಕೊಳ್ಳುತ್ತದೆ.

ಸದ್ದು ಬರಲಿಲ್ಲ, ತೂತು ಬೀಳಲಿಲ್ಲ ಅಂದರೆ ಕಾವಲಿ ಕಾದಿಲ್ಲ. ಅಕ್ಕಿಯನ್ನು ಬೈಯಬೇಡಿ. ಇನ್ನೂ ಒಂದೆರಡು ನಿಮಿಷ ಕಾಯಿಸಿ. ಬೀಡಿನ ಕಾವಲಿಯನ್ನು ಸಾಬೂನು ಹಾಕಿ ಗಸಗಸ ತಿಕ್ಕಿದ್ದರೆ ಅದರ ಎಣ್ಣೆಯ ಪದರ ಹೋಗಿರುತ್ತದೆ. ಅರ್ಧ ನೀರುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ಎರಡು ಮೂರು ಸಲ ಉಜ್ಜಿ ಕಾಯಿಸಿದರೆ ಮತ್ತೆ ದಾರಿಗೆ ಬರುತ್ತದೆ. ನಾನ್‌ಸ್ಟಿಕ್ ಕಾವಲಿಯಾದರೆ ಎಚ್ಚರಿಕೆ. ಖಾಲಿ ಇಟ್ಟು ದೊಡ್ಡ ಉರಿಯಲ್ಲಿ ಕಾಯಿಸುತ್ತಾ ಕೂರಬೇಡಿ. ಅತಿಯಾಗಿ ಕಾದರೆ ಅದರ ಲೇಪ ಕೆಟ್ಟು ಹೊಗೆ ಬಿಡುತ್ತದೆ, ಆ ಹೊಗೆ ಒಳ್ಳೆಯದಲ್ಲ. ಕಿಟಕಿ ತೆರೆದಿಡಿ, ಮಧ್ಯಮ ಉರಿ ಸಾಕು.

ಮೊದಲ ನಾಲ್ಕು ದೋಸೆ ಚಂದ, ಆಮೇಲಿನವು ದಪ್ಪ ಅಂದರೆ ಹಿಟ್ಟು ಅಡಿಗೆ ಇಳಿದಿದೆ. ಪ್ರತಿ ದೋಸೆಗೂ ಮೊದಲು ತಳದಿಂದ ಕಲಕಬೇಕು.

ಕಾವಲಿ ಸರಿ ಇದೆ, ಆದರೂ ದೋಸೆ ಅಂಟಂಟಾಗಿ ಮುದ್ದೆಯಾಗುತ್ತಿದೆ ಅಂದರೆ ಈಗ ಅಕ್ಕಿ ನೋಡಿ. ನೀರುದೋಸೆಗೆ ಬೇಕಾದದ್ದು ಬೆಳ್ತಿಗೆ ಅಕ್ಕಿ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ, ಮಲಯಾಳದ ಪಚ್ಚರಿ. ಕುಚ್ಚಲಕ್ಕಿ ಭತ್ತದಲ್ಲೇ ಒಮ್ಮೆ ಬೆಂದು ಒಣಗಿದ ಅಕ್ಕಿ. ಅದರ ಹಿಟ್ಟಿನ ಗುಣವೇ ಬದಲಾಗಿರುತ್ತದೆ. ಮನೆಯಲ್ಲಿ ಕುಚ್ಚಲಕ್ಕಿ ತುಂಬಿದೆ, ಬೆಳ್ತಿಗೆ ಮುಗಿದಿದೆ ಅಂತ ಅದನ್ನೇ ಅರೆದರೆ ದೋಸೆ ಕಾವಲಿಯನ್ನು ಹಿಡಿದುಕೊಳ್ಳುತ್ತದೆ. ಅರೆದಾಗಿದ್ದರೆ ಚೆಲ್ಲಬೇಡಿ. ನೀರು ಕಡಿಮೆ ಮಾಡಿ, ಕಾಯಿತುರಿ ಸೇರಿಸಿ, ದಪ್ಪ ದೋಸೆಯೋ ಬಾಳೆಲೆಯಲ್ಲಿ ತಟ್ಟಿದ ರೊಟ್ಟಿಯೋ ಮಾಡಿ. ಅದಕ್ಕೆ ಕುಚ್ಚಲಕ್ಕಿ ಒಗ್ಗುತ್ತದೆ.

ಹೊಸ ಅಕ್ಕಿಯೂ ಅಂಟುತ್ತದೆ. ಹಳೆ ಅಕ್ಕಿ ಜಾಸ್ತಿ ನೀರು ಕುಡಿಯುತ್ತದೆ. ಹಾಗಾಗಿ ಹೊಸ ಅಕ್ಕಿಗೆ ನೀರು ಸ್ವಲ್ಪ ಹಿಡಿದು ಹಾಕಿ. ಬಾಸ್ಮತಿ ಹಾಕಿದರೆ ದೋಸೆ ಏಳುತ್ತದೆ, ಆದರೆ ಆರಿದ ಮೇಲೆ ಒಣಗಿ ಬಿರಿಯುತ್ತದೆ. ಅದಕ್ಕೆ ಒಂದು ಹಿಡಿ ಕಾಯಿತುರಿ ಸೇರಿಸಿ ನುಣ್ಣಗೆ ಅರೆದರೆ ಮೆತ್ತಗಾಗುತ್ತದೆ.

ಕೊನೆಗೆ ಪ್ಯಾಕೆಟ್ ಹಿಟ್ಟು. ಇಲ್ಲಿ ಜಾಸ್ತಿ ಜನ ಎಡವುವುದು. ನಮ್ಮ ಅಂಗಡಿಗಳಲ್ಲಿ ಸಿಗುವ ಅಕ್ಕಿ ಹಿಟ್ಟಿನಲ್ಲಿ ಹಲವು ಹುರಿದ ಹಿಟ್ಟು. ಶ್ಯಾವಿಗೆಗೆ, ಪತ್ತಿರಿ ಅನ್ನುವ ಅಕ್ಕಿ ರೊಟ್ಟಿಗೆ ಅಂತ ಮಾಡಿದ್ದು. ಪ್ಯಾಕೆಟಿನಲ್ಲಿ ಮಲಯಾಳದಲ್ಲಿ ವರುತ್ತ ಅಂತ ಬರೆದಿದ್ದರೆ ಹುರಿದದ್ದು ಅಂತ ಅರ್ಥ. ಹಬೆಯಲ್ಲಿ ಬೇಯಿಸುವ ಪುಟ್ಟು ತಿಂಡಿಯ ಹಿಟ್ಟು ಇನ್ನೂ ತರಿ. ಇವೆರಡರಲ್ಲೂ ನೀರುದೋಸೆ ಏಳುವುದಿಲ್ಲ, ಎಷ್ಟು ನೀರು ಹಾಕಿದರೂ ಅಷ್ಟೇ. ಹುರಿಯದ ನುಣುಪಾದ ಹಿಟ್ಟು ತಂದು ಅರ್ಧ ಗಂಟೆ ನೀರಲ್ಲಿ ನೆನೆಸಿಟ್ಟು ಮಾಡಿ. ಅರೆದ ಅಕ್ಕಿಯ ಮೃದು ಬರುವುದಿಲ್ಲ, ಆದರೆ ಬೆಳಗ್ಗಿನ ಗಡಿಬಿಡಿಗೆ ಆಗುತ್ತದೆ.

ಲಕ್ಷಣ: ಇಡ್ಲಿ ಚಪ್ಪಟೆ, ಗಟ್ಟಿ

ಹಿಟ್ಟಿನ ಒಂದು ತೊಟ್ಟು ನೀರಿಗೆ ಬಿಡಿ. ತೇಲಿದರೆ ಒಳಗೆ ಗಾಳಿ ಇದೆ, ತೊಂದರೆ ಬೇಯಿಸುವುದರಲ್ಲಿದೆ. ಅಂದರೆ ನೀರು ಕುದಿಯುವ ಮೊದಲೇ ತಟ್ಟೆ ಇಟ್ಟಿದ್ದೀರಿ, ಅಥವಾ ಹಿಟ್ಟನ್ನು ಜಾಸ್ತಿ ಕಲಕಿ ಗಾಳಿ ಕಳೆದಿದ್ದೀರಿ. ಮುಳುಗಿದರೆ ಹಿಟ್ಟು ಹುದುಗಿಲ್ಲ.

ಹುದುಗದಿದ್ದರೆ ಮೊದಲು ಹವೆ ನೋಡಿ. ಏಪ್ರಿಲಿನಲ್ಲಿ ಆರು ಗಂಟೆಗೆ ಉಬ್ಬುವ ಹಿಟ್ಟು ಜುಲೈಯ ಮಳೆಯಲ್ಲಿ ಹನ್ನೆರಡು ಗಂಟೆ ತೆಗೆದುಕೊಂಡರೆ ಅದು ದೋಷವಲ್ಲ. ಬಿಸಿನೀರಿನ ಪಾತ್ರೆಯ ಪಕ್ಕ ಇಡಿ, ಇನ್ನೂ ನಾಲ್ಕು ಗಂಟೆ ಬಿಡಿ. ಮಿಕ್ಸಿಯಲ್ಲಿ ಅರೆದಿದ್ದರೆ ಅರೆಯುವಾಗ ಹಿಟ್ಟು ಬಿಸಿಯಾಗಿತ್ತಾ ಅಂತ ನೆನಪು ಮಾಡಿಕೊಳ್ಳಿ. ಮುಂದಿನ ಸಲ ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ಅರೆಯಿರಿ.

ಆಮೇಲೆ ಬೇಳೆ. ಉದ್ದಿನ ಬೇಳೆಗೆ ಲೋಳೆಯಂಥ ಗುಣ ಇದೆ. ಅದೇ ಗಾಳಿಯನ್ನು ಹಿಡಿದಿಡುವುದು. ಉದ್ದು ದುಬಾರಿ ಅಂತ ಅರ್ಧ ಹೆಸರುಬೇಳೆ ಹಾಕಿದರೆ ಹುಳಿ ಬರುತ್ತದೆ, ಉಬ್ಬು ಬರುವುದಿಲ್ಲ. ಹಳೆಯ ಉದ್ದಿಗೂ ಆ ಲೋಳೆ ಕಡಿಮೆ. ಒಂದು ಚಮಚ ಮೆಂತೆ ನೆನೆಸಿ ಜೊತೆಗೆ ಅರೆದರೆ ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಅವಸರಕ್ಕೆ ಬೇಯಿಸುವ ಮೊದಲು ಒಂದು ಚಿಟಿಕೆ ಅಡುಗೆ ಸೋಡ. ಜಾಸ್ತಿ ಹಾಕಿದರೆ ಇಡ್ಲಿ ಹಳದಿಯಾಗಿ ಸಾಬೂನಿನ ರುಚಿ ಬರುತ್ತದೆ.

ಹಿಟ್ಟಿನ ಮೇಲೆ ಗುಲಾಬಿ, ಕಿತ್ತಳೆ ಬಣ್ಣದ ಗೆರೆಯೋ ಬೂಸ್ಟಿನ ನೂಲೋ ಕಂಡರೆ ಅಲ್ಲಿಗೆ ನಿಲ್ಲಿಸಿ. ಮೇಲಿನದ್ದು ತೆಗೆದು ಕೆಳಗಿನದ್ದು ಬಳಸುವುದು ಬೇಡ. ಪೂರ್ತಿ ಚೆಲ್ಲಿ.

ಲಕ್ಷಣ: ಪಾಯಸ ಅಥವಾ ಕಾಯಿಹಾಲಿನ ಸಾರು ಒಡೆದಿದೆ

ಒಡೆದದ್ದು ಬೇರೆ, ಹಳಸಿದ್ದು ಬೇರೆ. ಮೊದಲು ಮೂಸಿ ನೋಡಿ. ಹುಳಿ ವಾಸನೆ, ನೊರೆ, ನೂಲು ನೂಲಾದ ಜಿಗುಟು ಇದ್ದರೆ ಹಳಸಿದೆ. ನಮ್ಮ ಸೆಕೆಯಲ್ಲಿ ಹಿಂಡಿದ ಕಾಯಿಹಾಲು ಹೊರಗೆ ಮೂರು ನಾಲ್ಕು ಗಂಟೆಯೂ ಇರುವುದಿಲ್ಲ. ಅದನ್ನು ಕುದಿಸಿ ಉಳಿಸಲು ನೋಡಬೇಡಿ, ಚೆಲ್ಲಿ. ಪರಿಮಳ ಸರಿ ಇದ್ದು ಬರೀ ಬೆಳ್ಳಗೆ ತರಿತರಿ ಆಗಿ, ಮೇಲೆ ಎಣ್ಣೆ ಬಿಟ್ಟಿದ್ದರೆ ಒಡೆದಿದೆ ಅಷ್ಟೇ. ತಿನ್ನಬಹುದು.

ಕಾಯಿಹಾಲು ಒಡೆಯಲು ಮುಖ್ಯ ಕಾರಣ ಉರಿ. ತೆಳು ಹಾಲು, ಅಂದರೆ ಎರಡನೇ ಮೂರನೇ ಸಲ ಹಿಂಡಿದ್ದು, ಕುದಿ ತಡೆಯುತ್ತದೆ. ಮೊದಲ ಸಲದ ದಪ್ಪ ಹಾಲು ತಡೆಯುವುದಿಲ್ಲ. ಅದನ್ನು ಉರಿ ಆರಿಸಿದ ಮೇಲೆ ಹಾಕಬೇಕು. ಎರಡನೇ ಕಾರಣ ಹುಳಿ. ಹುಳಿ ಹಾಕಿ ಕುದಿಯುತ್ತಿರುವಾಗ ದಪ್ಪ ಹಾಲು ಸುರಿದರೆ ಒಡೆಯದೆ ಇನ್ನೇನು ಮಾಡುತ್ತದೆ? ಒಡೆದದ್ದಕ್ಕೆ ಒಂದು ಚಮಚ ಅಕ್ಕಿ ಹಿಟ್ಟನ್ನು ನೀರಲ್ಲಿ ಕಲಸಿ ಹಾಕಿ ಸಣ್ಣ ಉರಿಯಲ್ಲಿ ಕಲಕಿದರೆ ಸಾಕಷ್ಟು ಕೂಡಿಕೊಳ್ಳುತ್ತದೆ.

ಬೆಲ್ಲದ ಪಾಯಸಕ್ಕೆ ಕಾಯಿಹಾಲಿನ ಬದಲು ದನದ ಹಾಲು ಹಾಕುವವರಿಗೆ ಇನ್ನೊಂದು ತೊಂದರೆ. ಬೆಲ್ಲಕ್ಕೆ ಸ್ವಲ್ಪ ಹುಳಿ ಗುಣ ಇದೆ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯುವುದು ಅದರಿಂದಲೇ. ಬೆಲ್ಲ ಬೇರೆ ಕರಗಿಸಿ, ಸೋಸಿ, ಆರಲು ಬಿಡಿ. ಹಾಲೂ ಕುದಿದು ಬೆಚ್ಚಗಾಗಲಿ. ಒಲೆ ಆರಿಸಿದ ಮೇಲೆ ಎರಡನ್ನೂ ಸೇರಿಸಿ. ಆಮೇಲೆ ಮತ್ತೆ ಕುದಿಸಬೇಡಿ.

ಕಾಯಿಹಾಲಿನ ಪುಡಿ ಬಳಸುವವರು ಪ್ಯಾಕೆಟಿನ ಹಿಂಬದಿ ಓದಿ. ಹಲವು ಪುಡಿಗಳಲ್ಲಿ ಹಾಲಿನ ಪ್ರೋಟೀನ್ ಇರುತ್ತದೆ, ಕೇಸಿನೇಟ್ ಅಂತ ಬರೆದಿರುತ್ತಾರೆ. ಹಾಲು ಆಗದವರಿಗೆ ತೆಂಗಿನದ್ದು ತಾನೇ ಅಂತ ಬಡಿಸಿದರೆ ಅಪಾಯ. ತೆಂಗಿನಕಾಯಿಯ ಬದಲು ಗೇರುಬೀಜ ಅರೆದು ಹಾಕಿದಾಗಲೂ ಉಣ್ಣುವವರಿಗೆ ಮೊದಲೇ ಹೇಳಿ. ಗೇರುಬೀಜ ಮೈಗೆ ಆಗದವರು ಇದ್ದಾರೆ. ಗಸಿಯ (ದಪ್ಪ ಸಾರಿನ) ಬಣ್ಣ ನೋಡಿ ಅದು ಯಾರಿಗೂ ಗೊತ್ತಾಗುವುದಿಲ್ಲ.

ಲಕ್ಷಣ: ಎಷ್ಟು ಬೇಯಿಸಿದರೂ ಕಾಳು ಬೇಯುತ್ತಿಲ್ಲ

ಹುಳಿ ಮೊದಲೇ ಹಾಕಿದಿರಾ? ಹತ್ತರಲ್ಲಿ ಎಂಟು ಸಲ ಕಾರಣ ಇದೇ ಅಂತ ನನ್ನ ಅನುಭವ. ಹುಳಿ ಬಿದ್ದ ನೀರಲ್ಲಿ ಕಾಳೂ ತರಕಾರಿಯೂ ಮೆತ್ತಗಾಗಲು ಒಪ್ಪುವುದಿಲ್ಲ. ಹುಣಸೆಯ ಬದಲು ಟೊಮೆಟೊ ಹಾಕುವವರು ಅದನ್ನು ತರಕಾರಿ ಅಂತ ತಿಳಿದು ಕಾಳಿನ ಜೊತೆಗೇ ಕುಕ್ಕರಿಗೆ ಹಾಕುತ್ತಾರೆ. ಟೊಮೆಟೊ ಇಲ್ಲಿ ಹುಳಿಯ ಕೆಲಸಕ್ಕೆ ಬಂದದ್ದು. ಕಾಳು ಬೆಂದ ಮೇಲೆಯೇ ಅದರ ಸರದಿ.

ಹುಳಿ ಹಾಕಿಲ್ಲ ಅಂದರೆ ನೀರು. ನನ್ನ ತವರಿನ ಬೋರ್‌ವೆಲ್ ನೀರು ಗಡಸು, ಅಲ್ಲಿ ತೊಗರಿಬೇಳೆಯೂ ಹಟ ಮಾಡುತ್ತದೆ. ಇಲ್ಲಿ ಮುರಕಲ್ಲಿನ ಬಾವಿ ನೀರು ಮೆದು. ಅದೇ ಬೇಳೆ ಇಲ್ಲಿ ಬೇಗ ಕರಗುತ್ತದೆ. ಕಾಳು ಹಳೆಯದಾದರೂ ಬೇಯುವುದಿಲ್ಲ. ರಾತ್ರಿಯಿಡೀ ನೆನೆಸಿ, ನೆನೆಸಿದ ನೀರು ಚೆಲ್ಲಿ, ಬೇಯುವಾಗ ಒಂದು ಚಿಟಿಕೆ ಸೋಡ ಹಾಕಿ ನೋಡಿ.

ಕುಕ್ಕರ್ ಕೂಗುತ್ತಲೇ ಇಲ್ಲ ಅಂದರೆ ಬಗ್ಗಿ ನೋಡಬೇಡಿ. ಒಲೆ ಆರಿಸಿ, ತಾನಾಗಿ ತಣಿಯಲು ಬಿಡಿ. ಬೇಳೆಯ ನೊರೆ, ಪುನರ್ಪುಳಿಯ (ಕೋಕಂ) ಸಿಪ್ಪೆ ಹಬೆಯ ತೂತಿಗೆ ಸಿಕ್ಕಿಕೊಳ್ಳುವುದು ಇದೆ. ಒಳಗೆ ಹಬೆ ಇರುವಾಗ ಮುಚ್ಚಳ ಎಳೆಯುವುದು ಎಂದಿಗೂ ಬೇಡ.

ಕೆಂಪು ಅಲಸಂಡೆ ಕಾಳಿನ ಬದಲು ರಾಜ್ಮಾ ಹಾಕುವವರಿಗೆ ಒಂದು ಮಾತು. ಅಲಸಂಡೆ ಅರೆಬೆಂದರೂ ಹೊಟ್ಟೆ ಉಬ್ಬರಿಸುವಷ್ಟೇ. ರಾಜ್ಮಾ ಅರೆಬೆಂದರೆ ವಾಂತಿ ಭೇದಿ ಹತ್ತಿಸುತ್ತದೆ. ಅದರೊಳಗಿನ ವಿಷ ಸಣ್ಣ ಉರಿಯಲ್ಲಿ ಹೋಗುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಪೂರ್ತಿ ಬೇಯಿಸಿ. ಕುಕ್ಕರಿನಲ್ಲಿ ಮಾಡಿದರೆ ಚಿಂತೆ ಕಡಿಮೆ.

ಲಕ್ಷಣ: ಹುಳಿ ಜಾಸ್ತಿ, ಖಾರ ಜಾಸ್ತಿ, ಬಣ್ಣ ಬೇರೆ

ರಾತ್ರಿ ಸರಿ ಇದ್ದ ಸಾರು ಬೆಳಗ್ಗೆ ಹಲ್ಲು ಜುಮ್ಮೆನ್ನುವಷ್ಟು ಹುಳಿಯಾದರೆ ಪಾತ್ರೆಯ ತಳದಲ್ಲಿ ಹುಡುಕಿ. ಹುಣಸೆಯ ಬದಲು ಹಾಕಿದ ಕುಡಂಪುಳಿಯ ಕಪ್ಪು ತುಂಡು ಅಲ್ಲೇ ಇರುತ್ತದೆ. ಮುದುಡಿದ ಚರ್ಮದ ಹಾಗೆ ಕಾಣುವ ಆ ತುಂಡು ರಾತ್ರಿಯಿಡೀ ಹುಳಿ ಬಿಡುತ್ತಲೇ ಇರುತ್ತದೆ. ಹುಣಸೆಯ ರಸ ಹಿಂಡಿದರೆ ಮುಗಿಯಿತು, ಕುಡಂಪುಳಿ ಹಾಗಲ್ಲ. ರುಚಿ ಸಿಕ್ಕಿದ ಕೂಡಲೇ ತುಂಡು ತೆಗೆದಿಡಿ. ಪುನರ್ಪುಳಿ ಹಾಕಿದರೆ ಕೊದಿಲಿಗೆ (ಕಾಯಿ ಅರೆದು ಮಾಡುವ ಸಾಂಬಾರಿಗೆ) ನೇರಳೆ ಛಾಯೆ ಬರುತ್ತದೆ, ಅದು ಕೆಟ್ಟದ್ದಲ್ಲ. ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿಯಾದರೆ ಬೇರೆ ಉಪ್ಪನ್ನು ಕೊನೆಗೆ, ರುಚಿ ನೋಡಿ ಹಾಕಿ. ಬಿಂಬುಳಿ, ಅಂಬಟೆ ಒಂದೊಂದು ಮರಕ್ಕೆ ಒಂದೊಂದು ಹುಳಿ, ಲೆಕ್ಕ ಹೇಳಲಿಕ್ಕಾಗದು.

ಹುಳಿ ಪದಾರ್ಥವನ್ನು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಮಾಡಬೇಡಿ, ಇಡಲೂ ಬೇಡಿ. ಲೋಹ ಅಡುಗೆಗೆ ಇಳಿಯುತ್ತದೆ. ಅಜ್ಜಿಯ ಉರುಳಿ ಎಷ್ಟು ಚಂದ ಇದ್ದರೂ ಒಳಗೆ ಬಿಳಿ ಕಲಾಯಿ ಹೋಗಿ ಕೆಂಪು, ಹಳದಿ ಕಾಣುತ್ತಿದ್ದರೆ ಅದನ್ನು ಹೊರಗಿಡಿ. ಮಣ್ಣಿನ ಪಾತ್ರೆ, ಸ್ಟೀಲ್ ಆಗುತ್ತದೆ.

ಖಾರದ್ದು ಸರಳ. ಬ್ಯಾಡಗಿ ಮೆಣಸು ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಹತ್ತು ಬ್ಯಾಡಗಿ ಇದ್ದಲ್ಲಿ ಹತ್ತು ಗುಂಟೂರು ಹಾಕಿದರೆ ಊಟ ಇಲ್ಲ. ಮೂರು ಹಾಕಿ. ಬಣ್ಣ ಕಡಿಮೆಯಾದರೆ ಆಗಲಿ. ಆಗಿಹೋಗಿದ್ದರೆ ಇನ್ನಷ್ಟು ಕಾಯಿ ಅರೆದು ಸೇರಿಸಿ, ನೀರು ಸುರಿದರೆ ಖಾರದ ಜೊತೆ ರುಚಿಯೂ ಹೋಗುತ್ತದೆ.

ಲಕ್ಷಣ: ತಿಂದ ಮೇಲೆ ಗಂಟಲು ತುರಿಸುತ್ತದೆ

ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆ ಮಾಡದ ಮನೆ ಈ ಕಡೆ ಕಡಿಮೆ. ತುರಿಕೆಯ ದೂರೂ ಅದೇ ತಿಂಗಳಲ್ಲಿ ಬರುವುದು. ಕೆಸುವಿನ ಎಲೆಯಲ್ಲೂ ಸುವರ್ಣಗೆಡ್ಡೆಯಲ್ಲೂ ಸೂಜಿಯಂಥ ತೀರಾ ಸಣ್ಣ ಹರಳುಗಳಿರುತ್ತವೆ. ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಬಾಯಿಗೆ, ಗಂಟಲಿಗೆ ಚುಚ್ಚುವುದು ಅದು. ಅದನ್ನು ಹದಕ್ಕೆ ತರಲು ಹುಳಿಯೂ ಬೇಕು, ಸಾಕಷ್ಟು ಹೊತ್ತಿನ ಹಬೆಯೂ ಬೇಕು.

ಒಂದು ವರ್ಷ ಹುಣಸೆ ಮುಗಿದಿತ್ತು. ನಾನು ಅಕ್ಕಿಯ ಜೊತೆ ಎರಡು ಟೊಮೆಟೊ ಅರೆದು ಪತ್ರೊಡೆ ಕಟ್ಟಿದೆ. ಬಾಯಿಗೆ ಹುಳಿ ರುಚಿ ಸರಿಯಾಗಿಯೇ ಇತ್ತು. ಮೊದಲ ತುಂಡು ನುಂಗಿದ ಎರಡೇ ನಿಮಿಷದಲ್ಲಿ ನಾಲಿಗೆಯ ಹಿಂದೆ ಕಂಬಳಿಹುಳ ಹರಿದ ಹಾಗಾಯಿತು. ಅತ್ತೆ ತಟ್ಟೆ ನೋಡಿ ಕೇಳಿದ ಮೊದಲ ಮಾತು, "ಹುಣಸೆ ಎಷ್ಟು ಹಾಕಿದ್ದೀ ಮಗಾ?" ಟೊಮೆಟೊ ರುಚಿಯ ಕೆಲಸ ಮಾಡಿತ್ತು, ಗಂಟಲು ಕಾಯುವಷ್ಟು ಹುಳಿ ಅದರಲ್ಲಿ ಇರಲಿಲ್ಲ.

ತುರಿಕೆ ಬಂದರೆ ಕ್ರಮವಾಗಿ ನೋಡಿ. ಬೇಯಿಸಿದ್ದು ಎಷ್ಟು ಹೊತ್ತು? ನಾನು ಹಬೆಯಲ್ಲಿ ಒಂದು ಗಂಟೆಗೆ ಕಡಿಮೆ ತೆಗೆಯುವುದಿಲ್ಲ. ತುಂಡು ಮಾಡಿದಾಗ ನಡುವಿನ ಎಲೆ ಇನ್ನೂ ಹಸಿ ಹಸಿರಾಗಿದ್ದರೆ ಬೆಂದಿಲ್ಲ, ಮತ್ತೆ ಹಬೆಗಿಡಿ. ದಂಟು, ದಪ್ಪ ನಾರು ತೆಗೆದಿದ್ದೀರಾ? ಆಮೇಲೆ ಹುಳಿ. ಹುಣಸೆ ಇಲ್ಲದಿದ್ದರೆ ಕುಡಂಪುಳಿ, ಪುನರ್ಪುಳಿ ನೆನೆಸಿ ಗಟ್ಟಿ ರಸ ತೆಗೆದು ಹಾಕಬಹುದು. ಮಜ್ಜಿಗೆ, ಟೊಮೆಟೊ ನಂಬಬೇಡಿ. ಮಾಡಿಟ್ಟ ಪತ್ರೊಡೆಯನ್ನು ಸಣ್ಣಗೆ ಕೊಚ್ಚಿ ಹುಣಸೆ ರಸ, ಬೆಲ್ಲ, ಕಾಯಿತುರಿ ಹಾಕಿ ಮತ್ತೆ ಒಗ್ಗರಣೆಯಲ್ಲಿ ಬೇಯಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಕೊನೆಗೆ ಎಲೆಯೇ. ಮರದ ಮೇಲೆ ಮಳೆಗಾಲದಲ್ಲಿ ಹುಟ್ಟುವ ಮರಕೆಸು, ಮನೆಯ ಹಿತ್ತಲಲ್ಲಿ ವರ್ಷವೂ ತಿಂದು ಗೊತ್ತಿರುವ ಕೆಸು ಇವನ್ನು ಮಾತ್ರ ಬಳಸಿ. ಎಲೆ ಸಿಗಲಿಲ್ಲ ಅಂತ ಹೂದೋಟದ ಬಣ್ಣದ ಕೆಸುವನ್ನೋ ತೋಡಿನ ಬದಿಯ ಗುರುತಿಲ್ಲದ್ದನ್ನೋ ಕೊಯ್ಯಬೇಡಿ. ಅದಕ್ಕಿಂತ ಕ್ಯಾಬೇಜ್ ಎಲೆಯಲ್ಲೋ ಬಸಳೆಯಲ್ಲೋ ಕಟ್ಟಿ. ಪತ್ರೊಡೆಯ ರುಚಿ ಅರ್ಧ ಬರುತ್ತದೆ, ಭಯ ಇಲ್ಲ.

ಸಣ್ಣ ತುರಿಕೆಗೆ ತಣ್ಣಗಿನ ಮಜ್ಜಿಗೆ, ಮೊಸರು, ಒಂದು ತುಂಡು ಬೆಲ್ಲ ಸಾಕು, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ತುಟಿ ನಾಲಿಗೆ ಊದಿದರೆ, ಜೊಲ್ಲು ಸುರಿದರೆ, ಧ್ವನಿ ಬದಲಾದರೆ, ಉಸಿರಾಡಲು ಕಷ್ಟವಾದರೆ ಮನೆಮದ್ದು ಬಿಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಮಕ್ಕಳ ವಿಷಯದಲ್ಲಿ ಕಾಯುತ್ತಾ ಕೂರುವುದು ಬೇಡವೇ ಬೇಡ.

ಲಕ್ಷಣ: ಅಡುಗೆ ಕಹಿ ಬಂದಿದೆ

ಕಹಿಗೆ ಸುಲಭದ ಕಾರಣಗಳಿವೆ, ಜೀವಕ್ಕೆ ಎರವಾಗುವ ಕಾರಣವೂ ಇದೆ. ಎರಡರ ನಡುವೆ ವ್ಯತ್ಯಾಸ ಗೊತ್ತಿರಲಿ.

ಮೊದಲು ಮಸಾಲೆ ನೋಡಿ. ಮೆಂತೆ ಕಂದು ದಾಟಿ ಕಪ್ಪಾಗಿತ್ತಾ? ಬೆಳ್ಳುಳ್ಳಿ ಹೊತ್ತಿತ್ತಾ? ಹುಣಸೆಯ ಬದಲು ನಿಂಬೆಹಣ್ಣು ಹಿಂಡಿ ಕುದಿಸಿದಿರಾ, ಬೀಜ ಬಿತ್ತಾ? ನಿಂಬೆ ಕುದಿದರೆ ಕಹಿಯಾಗುತ್ತದೆ, ಒಲೆ ಆರಿಸಿದ ಮೇಲೆಯೇ ಹಿಂಡಬೇಕು. ಹಸಿ ಸಾಸಿವೆ ಜಾಸ್ತಿ ಅರೆದರೂ ಕಹಿ. ಕಾಯಿ ಕಮಟಾಗಿದ್ದರೆ ಕಹಿಯ ಜೊತೆ ಹಳೆ ಎಣ್ಣೆಯ ವಾಸನೆ ಬರುತ್ತದೆ. ಕಾಯಿ ಒಡೆದಾಗಲೇ ಒಂದು ಚೂರು ಬಾಯಿಗೆ ಹಾಕಿ ನೋಡುವ ಹಿರಿಯರ ಕ್ರಮ ಇದಕ್ಕೇ. ಇವು ಯಾವುದಾದರೂ ಆದರೆ ಊಟ ಹಾಳು, ಆರೋಗ್ಯ ಅಲ್ಲ. ಒಣ ಕೊಬ್ಬರಿಗೆ, ನೆಲಕಡಲೆಗೆ ಬೂಸ್ಟು ಹಿಡಿದಿದ್ದರೆ ಮಾತ್ರ ಸುಮ್ನೆ ಒರೆಸಿ ಬಳಸಬೇಡಿ. ಆ ಬೂಸ್ಟಿನ ವಿಷ ಹುರಿದರೂ ಹೋಗುವುದಿಲ್ಲ.

ಮಸಾಲೆ ಸರಿ ಇದ್ದರೆ ತರಕಾರಿಯನ್ನೇ ಹಿಡಿಯಿರಿ. ಮಂಗಳೂರು ಸೌತೆ ಇಲ್ಲ ಅಂತ ಕೊದಿಲಿಗೆ ಸೋರೆಕಾಯಿ ಹಾಕುವುದು ಎಲ್ಲರೂ ಮಾಡುವ ಬದಲಿ, ಒಳ್ಳೆಯ ಬದಲಿಯೂ ಹೌದು. ಆದರೆ ಸೋರೆ, ಸೌತೆ, ಪಡುವಲ, ಹೀರೆ ಒಂದೇ ಬಳಗ. ಒಮ್ಮೊಮ್ಮೆ ಒಂದು ಕಾಯಿ ವಿಪರೀತ ಕಹಿ ಬರುತ್ತದೆ. ಆ ಕಹಿ ವಿಷ. ಬೇಯಿಸಿದರೂ ಹೋಗುವುದಿಲ್ಲ, ಬೆಲ್ಲ ಹಾಕಿದರೆ ನಾಲಿಗೆಗೆ ಮುಚ್ಚಿಹೋಗುತ್ತದೆ ಅಷ್ಟೇ. ಹಾಗಲದ ಕಹಿಗೆ ಹೋಲಿಸಿ ಧೈರ್ಯ ಮಾಡಬೇಡಿ. ಹೆಚ್ಚುವಾಗಲೇ ಪ್ರತಿ ಕಾಯಿಯ ಒಂದು ಚೂರು ನಾಲಿಗೆಗೆ ಮುಟ್ಟಿಸಿ. ಕಹಿ ಇದ್ದರೆ ಉಗುಳಿ, ಬಾಯಿ ತೊಳೆದು, ಆ ಕಾಯಿ ಎಸೆಯಿರಿ. ದನಕ್ಕೂ ಹಾಕಬೇಡಿ. ಸಾರಿಗೆ ಬಿದ್ದು ಬೆಂದಾಗಿದ್ದರೆ ಇಡೀ ಪಾತ್ರೆ ಹೋಗಲಿ.

ಮರಗೆಣಸೂ ಹಾಗೇ. ಆಲೂಗಡ್ಡೆಯ ಬದಲು ಹಾಕುವವರು ಸಿಪ್ಪೆ ಪೂರ್ತಿ ತೆಗೆದು, ಮುಚ್ಚಳ ತೆರೆದಿಟ್ಟು ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಬಸಿಯಬೇಕು. ಕಹಿ ಗೆಣಸು ಬೇಡ. ಹಸಿಯಾಗಿ ತುರಿದು ವಡೆಗೆ, ದೋಸೆಗೆ ಸೇರಿಸುವ ಪ್ರಯೋಗವೂ ಬೇಡ. ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ.

ಕಹಿ ಸೋರೆಯನ್ನೋ ಗೆಣಸನ್ನೋ ತಿಂದವರಿಗೆ ಹೊಟ್ಟೆನೋವು, ವಾಂತಿ, ಭೇದಿ, ತಲೆಸುತ್ತು ಶುರುವಾದರೆ ಅದು ಅಜೀರ್ಣ ಇರಬಹುದು ಅಂತ ರಾತ್ರಿ ಕಳೆಯಬೇಡಿ. ವಾಂತಿ ಭೇದಿಯಲ್ಲಿ ರಕ್ತ ಕಂಡರಂತೂ ಒಂದು ನಿಮಿಷವೂ ತಡ ಬೇಡ. ಆಸ್ಪತ್ರೆಗೆ ಹೊರಡುವಾಗ ಉಳಿದ ಕಾಯಿಯ ತುಂಡೊಂದನ್ನು ಡಬ್ಬಿಯಲ್ಲಿ ಹಾಕಿ ಜೊತೆಗೆ ತೆಗೆದುಕೊಳ್ಳಿ. ತಿಂದದ್ದು ಏನು, ಎಷ್ಟು, ಎಷ್ಟು ಗಂಟೆಗೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.